ಶುಕ್ರವಾರ ಎಲ್ಲ ಮರೆಯುವ ಪೆಟ್ಟಿಗೆ

ಜನವರಿ 27, ಸೋಮವಾರ

ಇವತ್ತೂ ಸೀಟು ಸಿಗಲಿಲ್ಲ. ಭದ್ರಾವತಿಯಿಂದ ಶಿವಮೊಗ್ಗದವರೆಗೂ ಕಂಬಿ ಹಿಡಿದು ನಿಂತೆ. ರಸ್ತೆಯಲ್ಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಕಾಲೊಳಗಿನ ಪ್ಲೇಟಿಗೆ ಬಾಯಿಪಾಠ. ಹೋದ ವರ್ಷ ಇದೇ ಬಸ್ಸಿನ ಮೆಟ್ಟಿಲಿಂದ ಬಿದ್ದು, ಮುರಿದ ಮೂಳೆಗೆ ಹಾಕಿಸಿಕೊಂಡ ಪ್ಲೇಟು. ಬಸ್ಸಿಗೂ ಪ್ಲೇಟಿಗೂ ಹಳೇ ಪರಿಚಯ.

ಸಂಜೆ ಧೈರ್ಯ ಮಾಡಿ ಶೀತಲ್ ಮೇಡಂ ಹತ್ತಿರ ಕೇಳಿಯೇಬಿಟ್ಟೆ. ರವೀಂದ್ರನಗರದ ನಮ್ಮ ಸ್ಕ್ಯಾನಿಂಗ್ ಸೆಂಟರ್ ಅವರದೇ. ಸ್ಕ್ಯಾನ್ ನೋಡುತ್ತಾ ಅವರು ಹೇಳುತ್ತಾರೆ, ಅದು ರೆಕಾರ್ಡ್ ಆಗುತ್ತದೆ, ಕೇಳಿಸಿಕೊಂಡು ನಾನು ರಿಪೋರ್ಟ್ ಟೈಪ್ ಮಾಡುತ್ತೇನೆ. ಅಂದ ಮೇಲೆ ಪಕ್ಕದ ರೂಮಿನಲ್ಲಿ ಕೂತರೇನು, ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯಲ್ಲಿ ಕೂತರೇನು?

ಮೇಡಂ ಕನ್ನಡಕ ತೆಗೆದು ನನ್ನ ಕಾಲು ನೋಡಿದರು. “ಫೆಬ್ರವರಿ ಒಂದು ತಿಂಗಳು ನೋಡೋಣ ವೀಣಾ. ಆದ್ರೆ ಒಂಬತ್ತು ಗಂಟೆಗೆ ಲೈನ್‌ನಲ್ಲಿ ಇರ್ಬೇಕು. ಪೇಷೆಂಟ್ಸು ಖಾಲಿ ಹೊಟ್ಟೇಲಿ ಬಂದು ಕೂತಿರ್ತಾರೆ. ನೆಟ್ ಇಲ್ಲ ಅಂತ ಅವ್ರಿಗೆ ಹೇಳಕ್ಕಾಗಲ್ಲ.”

ವಾಪಸ್ ಬರುವಾಗಲೂ ಸೀಟಿಲ್ಲ. ಆದರೂ ನಗುತ್ತಾ ನಿಂತಿದ್ದೆ. ಕಂಡಕ್ಟರ್ ಒಂಥರಾ ನೋಡಿದ.

ಜನವರಿ 29, ಬುಧವಾರ

ಬ್ರಾಡ್‌ಬ್ಯಾಂಡ್‌ನ ಯೋಗರಾಜ್ ಡ್ರಿಲ್ ಮೆಷಿನ್ ಹಿಡಿದು ಬಂದ. ಅತ್ತೆ ಅಡ್ಡ ನಿಂತರು.

“ಅಮಾಸೆ ದಿನ ಮನೆ ಗೋಡೆಗೆ ತೂತು ಹೊಡೀತಾರೇನಪ್ಪಾ?”

“ಸಣ್ಣ ತೂತು ಅಜ್ಜಿ. ಒಂದು ವೈರು ಹೋದ್ರೆ ಸಾಕು.”

“ಸಣ್ಣದಾದ್ರೆ? ತೂತು ತೂತೇ.”

ಯೋಗರಾಜ್ ನನ್ನ ಮುಖ ನೋಡಿದ, ಡ್ರಿಲ್ ಚೀಲಕ್ಕೆ ಹಾಕಿದ, ಶನಿವಾರ ಬರ್ತೀನಿ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಲೇತ್ ವರ್ಕ್‌ಶಾಪಿನಿಂದ ಬಂದ ಗಂಡ ಚಂದ್ರು ಹತ್ತಿರ ಹೇಳಿದರೆ, “ಅಮಾಸೆ ದಿನ ನಮ್ಮಲ್ಲೂ ಹೊಸ ಕೆಲ್ಸ ಹಿಡಿಯಲ್ಲ ಮಾರಾಯ್ತಿ” ಅಂತ ಅಮ್ಮನ ಕಡೆಗೇ ಸೇರಿಕೊಂಡ.

ನನಗೆ ಗೊತ್ತು. ನಾನು ಮನೆಯಲ್ಲಿ ಕೂತು ಕೆಲಸ ಮಾಡುವುದು ಅತ್ತೆಗೆ ಇಷ್ಟವಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಮಾವಾಸ್ಯೆ ಅನ್ನುತ್ತಾರೆ.

ಫೆಬ್ರವರಿ 1, ಶನಿವಾರ

ಬಂತು! ಬೀದಿಯ ಕಂಬದಿಂದ ಕಪ್ಪು ದಾರದಂಥ ವೈರು ಕಿಟಕಿ ಪಕ್ಕದ ತೂತಿನಿಂದ ಒಳಗೆ. ಯೋಗರಾಜ್ ಅದರ ಸಿಪ್ಪೆ ಸುಲಿದು ತೋರಿಸಿದ. ಒಳಗಿರುವುದು ಗಾಜಂತೆ. ಕೂದಲಿನಷ್ಟು ಸಣ್ಣ ಗಾಜು. ಅದರೊಳಗೆ ಬೆಳಕು ಓಡುತ್ತದಂತೆ. ಮುಟ್ಟಲು ಹೋದೆ. “ಬೇಡ ಅಕ್ಕಾ, ಬೆರಳೊಳಗೆ ಮುರ್ಕೊಂಡ್ರೆ ಹುಡುಕಕ್ಕೂ ಆಗಲ್ಲ.” ಇಷ್ಟು ವರ್ಷ ಈ ಗಾಜಿನ ದಾರ ನಮ್ಮ ತಲೆಯ ಮೇಲೇ ತೂಗುತ್ತಿತ್ತು, ನಾನು ಬಟ್ಟೆ ಒಣಹಾಕುವ ಹಗ್ಗದ ಥರ ನೋಡಿಕೊಂಡು ಓಡಾಡಿದ್ದೇನೆ.

ರೂಟರ್ ಎಲ್ಲಿಡುವುದು? ಹಳೇ ಮನೆ, ಒಂದೊಂದು ಗೋಡೆಯೂ ಮೊಳ ದಪ್ಪ. ಒಳಗೆ ಮೊಬೈಲ್ ಸಿಗ್ನಲ್ಲೇ ಬರುವುದಿಲ್ಲ, ಫೋನು ಮಾಡಬೇಕಾದರೆ ತಾರಸಿ ಹತ್ತಬೇಕು. ಯೋಗರಾಜ್ ಮನೆಯೆಲ್ಲ ಸುತ್ತಿ ನಡುಮನೆಯ ಗೋಡೆಗೂಡೇ ಸರಿ ಅಂದ. ಅಲ್ಲಿದ್ದ ಅತ್ತೆಯ ಸಾಮಾನು — ಹಳೇ ದೀಪ, ಊದಿನಕಡ್ಡಿ ಸ್ಟ್ಯಾಂಡು, ಮಂಡಿನೋವಿನ ಎಣ್ಣೆ, ಗಡಿಯಾರದ ಸೆಲ್ಲು — ಎಲ್ಲ ಎತ್ತಿ ಅಡುಗೆಮನೆ ಅಟ್ಟಕ್ಕೆ ಹಾಕಿದೆ. ಅತ್ತೆ ನೋಡಿದರು. ಖಾಲಿ ಗೂಡನ್ನು ಸೆರಗಿನಿಂದ ಒರೆಸಿ ಹೋದರು.

ಸಾಲಾಗಿ ಹಸಿರು ದೀಪಗಳು. ಭೂಮಿಯ ಚಿತ್ರ ಇರುವ ದೀಪ ಮುಖ್ಯ, ಅದು ಉರಿದರೆ ಹೊರಗಿನ ಪ್ರಪಂಚ ಸಿಕ್ಕಿದೆ ಅಂತ ಅರ್ಥ. ಲ್ಯಾಪ್‌ಟಾಪು, ಚಂದ್ರುವಿನ ಮೊಬೈಲು, ನನ್ನದು — ಒಂದೊಂದೇ ಸೇರಿಕೊಂಡವು. ಹೆಸರೇನಿಡ್ಲಿ ಅಕ್ಕಾ ಅಂದ. “ವೀಣಾ ಆಫೀಸ್” ಅಂದೆ. ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ಫೆಬ್ರವರಿ 4, ಮಂಗಳವಾರ

ಬಸ್ಸಿಲ್ಲದ ಎರಡನೇ ದಿನ. ಕಾಲು ಊದಿಕೊಂಡಿಲ್ಲ!

ಬೆಳಗ್ಗೆ ಇಯರ್‌ಫೋನ್ ಹಾಕುವುದು ಮರೆತೆ. ಶೀತಲ್ ಮೇಡಂ ಧ್ವನಿ ನಡುಮನೆಯಲ್ಲೆಲ್ಲ ಮೊಳಗಿತು. ಅತ್ತೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು.

“ಆ ಹೆಂಗ್ಸು ಯಾಕೇ ಬೆಳಗ್ಗಿಂದ ಲಿವರ್ರು ಲಿವರ್ರು ಅಂತಾಳೆ?”

“ಅವ್ರು ಡಾಕ್ಟ್ರು ಅತ್ತೆ. ಜನರ ಹೊಟ್ಟೆ ಒಳಗಡೆ ನೋಡಿ ಹೇಳ್ತಾರೆ.”

“ಊಟದ ಹೊತ್ತಲ್ಲಾದ್ರೂ ಬಿಡ್ಬಾರ್ದಾ?”

ಎದ್ದು ಹೋದರು. ಇಷ್ಟವಿಲ್ಲ, ಬರೆದಿಟ್ಟ ಹಾಗೆ ಗೊತ್ತಾಗುತ್ತದೆ.

ಫೆಬ್ರವರಿ 7, ಶುಕ್ರವಾರ

ಹೋಯಿತು. ಎಲ್ಲಾ ಹೋಯಿತು.

ತಲೆಗೆ ಸ್ನಾನ ಮಾಡಿ, ಟವೆಲು ಸುತ್ತಿಕೊಂಡು ಬಂದು ಕೂತರೆ ಭೂಮಿಯ ದೀಪ ಇಲ್ಲ. ಲ್ಯಾಪ್‌ಟಾಪಿನಲ್ಲಿ “ವೀಣಾ ಆಫೀಸ್” ಕಾಣುತ್ತಿಲ್ಲ. ಅದರ ಜಾಗದಲ್ಲಿ ಬಾಯಿಗೆ ಬಾರದ ಅಕ್ಷರ, ಅಂಕಿ. ಮನೆ ಬಾಗಿಲಿನ ಬೋರ್ಡು ಯಾರೋ ಕಿತ್ತು ಬೇರೆ ಹಾಕಿದ ಹಾಗೆ.

ತಾರಸಿಗೆ ಓಡಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಮೊಬೈಲ್ ನೆಟ್ಟಿನಲ್ಲಿ, ಒದ್ದೆ ತಲೆಯಲ್ಲಿ ಟೈಪ್ ಮಾಡಿದೆ. ರೆಕಾರ್ಡಿಂಗ್ ತೆರೆಯುವುದಕ್ಕೇ ಯುಗ ಹಿಡಿಯಿತು. ಮೇಡಂ ಫೋನಿನಲ್ಲಿ ಬೈಯಲಿಲ್ಲ, “ಹ್ಞೂಂ” ಅಂದರು. ಬೈದಿದ್ದರೆ ವಾಸಿ.

ಮಧ್ಯಾಹ್ನ ಯೋಗರಾಜ್ ಬಂದು ಎರಡು ನಿಮಿಷದಲ್ಲಿ ಸರಿ ಮಾಡಿದ. “ರೀಸೆಟ್ ಆಗಿದೆ ಅಕ್ಕಾ. ಅಂಗಡಿಯಿಂದ ತಂದಾಗ ಹೆಂಗಿತ್ತೋ ಹಂಗಾಗಿದೆ. ಹೆಸರು, ಪಾಸ್‌ವರ್ಡು, ಎಲ್ಲಾ ಮರೆತುಬಿಟ್ಟಿದೆ.”

ಯಾಕೆ ಅಂದರೆ ಗೊತ್ತಿಲ್ಲವಂತೆ. ಕರೆಂಟ್ ಏರುಪೇರಾಗಿರಬೇಕಂತೆ. ಇರಬೇಕು ಅಂದರೆ ಏನರ್ಥ? ಒಂದು ಪೆಟ್ಟಿಗೆ ತನ್ನ ಹೆಸರನ್ನೇ ಮರೆಯಬೇಕಾದರೆ ಏನೋ ಒಂದು ಆಗಿರಲೇಬೇಕು. ಹಲ್ಲಿ? ಇರುವೆ? ಶಾಖ? ರಾತ್ರಿ ಹೊತ್ತು ಮುಟ್ಟಿ ನೋಡಿದೆ, ಕಾಯಿಸಿದ ಹಾಲಿನ ಪಾತ್ರೆಯಷ್ಟೂ ಬಿಸಿ ಇಲ್ಲ.

ಫೆಬ್ರವರಿ 14, ಶುಕ್ರವಾರ

ಮತ್ತೆ! ಅದೇ ಹೊತ್ತು. ಮತ್ತೆ ತಾರಸಿ.

ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಒಬ್ಬ ಬಸುರಿ ರಿಪೋರ್ಟಿಗೆ ಕಾದು ಕಾದು ತಲೆಸುತ್ತಿ ಕೂತರಂತೆ. ಮೇಡಂ ಈ ಸಲ “ಹ್ಞೂಂ” ಅನ್ನಲಿಲ್ಲ. “ವೀಣಾ, ಇನ್ನೊಂದ್ಸಲ ಹಿಂಗಾದ್ರೆ ನೀವು ಇಲ್ಲಿಗೇ ಬಂದ್ಬಿಡಿ. ಬರಕ್ಕಾಗಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ.”

ದಿನಾ ಬಸ್ಸು ನನ್ನಿಂದ ಆಗುವುದಿಲ್ಲ. ಮೂಳೆ ಡಾಕ್ಟ್ರೂ ಹೇಳಿದ್ದಾರೆ. ಅಂದರೆ ಇನ್ನೊಂದು ಸಲ ಈ ದೀಪ ಆರಿದರೆ ಕೆಲಸ ಹೋಯಿತು.

ಯೋಗರಾಜ್ ಬಂದ. ಇವತ್ತು ನಾನು ಬಿಡಲಿಲ್ಲ, ಎಲ್ಲಾ ಕೇಳಿದೆ. ಅವನು ಪೆಟ್ಟಿಗೆ ತಿರುಗಿಸಿ ತೋರಿಸಿದ. ಬೆನ್ನಿನಲ್ಲಿ ಒಂದು ತೂತು, ಸಾಸಿವೆ ಕಾಳಿನಷ್ಟು. ಒಳಗೆ ಗುಂಡಿ. “ಪಿನ್ ಹಾಕಿ ಹತ್ತು ಸೆಕೆಂಡು ಒತ್ತಿ ಹಿಡಿದ್ರೆ ರೀಸೆಟ್. ತಾನಾಗೇ ಆಗಲ್ಲ ಅಕ್ಕಾ. ಯಾರೋ ಒತ್ತಿದಾರೆ.” ಆಮೇಲೆ ಮೂಸಿ ನೋಡಿ ನಕ್ಕ. “ಸುಟ್ಟ ವಾಸನೆ ಬರತ್ತಾ ಅಂತ ನೋಡಿದ್ರೆ ನಿಮ್ ರೂಟರು ಘಮ್ ಅಂತಿದೆ.”

ಶುಕ್ರವಾರ ನಮ್ಮ ಮನೆಯಲ್ಲಿ ಚಪ್ಪಲಿಯೂ ಘಮ್ ಅನ್ನುತ್ತದೆ, ಅತ್ತೆಯ ಪೂಜೆ ಹಾಗೆ.

“ಸರಿ ಮಾಡೋದು ನನಗೇ ಕಲಿಸಿಬಿಡು” ಅಂದೆ. ಮೊದಲು ಹಿಂದೆಮುಂದೆ ನೋಡಿದ, ಆಮೇಲೆ ಕಲಿಸಿದ. ಬ್ರೌಸರಿನಲ್ಲಿ ಒಂದು ನಂಬರ್ ಹಾಕಿದರೆ ಪೆಟ್ಟಿಗೆಯ ಹೊಟ್ಟೆ ತೆರೆದುಕೊಳ್ಳುತ್ತದೆ. ಅಲ್ಲಿ ನಮ್ಮ ಐಡಿ, ಪಾಸ್‌ವರ್ಡು, ಆಮೇಲೆ ವೈಫೈ ಹೆಸರು. ಇಷ್ಟೇನಾ? ಇಷ್ಟೇ! ಮೇಡಂ ಸ್ಕ್ಯಾನಿನಲ್ಲಿ ಹೊಟ್ಟೆ ನೋಡುವಾಗ ಹೀಗೇ ಖುಷಿಯಾಗುತ್ತದೋ ಏನೋ.

ಆದರೆ ಒತ್ತಿದವರು ಯಾರು? ಚಂದ್ರು ಎಂಟಕ್ಕೇ ವರ್ಕ್‌ಶಾಪಿಗೆ ಹೋಗಿರುತ್ತಾನೆ. ಬೆಕ್ಕಿಗೆ ಪಿನ್ ಹಿಡಿಯಲು ಬರುವುದಿಲ್ಲ. ಇನ್ನು ಮನೆಯಲ್ಲಿ ಉಳಿದವರು...

“ಅತ್ತೆ, ನಾನು ಸ್ನಾನಕ್ಕೆ ಹೋದಾಗ ಆ ಸ್ವಿಚ್ ಏನಾದ್ರೂ ಆರಿಸಿದ್ರಾ?”

“ಸ್ವಿಚ್ಚು ಗಿಚ್ಚು ನಾನು ಮುಟ್ಟಲ್ಲಮ್ಮ. ನಿನ್ ಕೆಲ್ಸದ್ದು ಅದು.” ಮುಖಕ್ಕೆ ಮುಖ ಕೊಟ್ಟೇ ಹೇಳಿದರು. ನಾನು ನಂಬಲಿಲ್ಲ.

ಫೆಬ್ರವರಿ 20, ಗುರುವಾರ

ಇಡೀ ವಾರ ಬರೆಯುವ ಮನಸ್ಸಾಗಲಿಲ್ಲ. ಅತ್ತೆ ಸಾರು ಬಡಿಸಿದರೂ ಗುಮಾನಿ, ಬಡಿಸದಿದ್ದರೂ ಗುಮಾನಿ. ಇಷ್ಟು ದಿನ ದೀಪ ಒಮ್ಮೆಯೂ ಆರಲಿಲ್ಲ. ನಾಳೆ ಶುಕ್ರವಾರ.

ಚಂದ್ರುಗೆ ಹೇಳಿದೆ. “ನಮ್ಮಮ್ಮ ಪಿನ್ ಹಾಕ್ತಾರಾ? ಸೂಜಿಗೆ ದಾರ ಪೋಣಿಸಕ್ಕೆ ಪಕ್ಕದ್ಮನೆ ಇಂಪನಾನ ಕರೀತಾರೆ!” ಅಂತ ನಕ್ಕ. ಹೌದು, ಅತ್ತೆಯ ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಆದರೂ.

ನಾಳೆ ತಲೆಗೆ ಸ್ನಾನವಿಲ್ಲ. ಬಚ್ಚಲ ನಲ್ಲಿ ಬಿಟ್ಟು ಬಂದು ನೋಡುತ್ತೇನೆ.

ಫೆಬ್ರವರಿ 21, ಶುಕ್ರವಾರ

ಎಲ್ಲ ಆದ ಹಾಗೆಯೇ ಬರೆದುಬಿಡುತ್ತೇನೆ.

ಬಚ್ಚಲಲ್ಲಿ ನೀರು ಸುರಿಯಲು ಬಿಟ್ಟೆ. ಕೋಣೆಯ ಬಾಗಿಲ ಹಿಂದೆ ನಿಂತೆ. ಕಳ್ಳಿಯ ಹಾಗೆ, ನನ್ನ ಮನೆಯಲ್ಲೇ. ಅತ್ತೆ ದೇವರಮನೆಯಿಂದ ಬಂದರು. ಕೈಯಲ್ಲಿ ಉರಿಯುವ ಊದಿನಕಡ್ಡಿಗಳು. ಹೊಸಿಲಿಗೊಂದು ಬೆಳಗಿ ಸಿಗಿಸಿದರು. ನಡುಮನೆಗೆ ಬಂದರು. ಗೂಡಿನ ಮುಂದೆ ನಿಂತರು. ಪೆಟ್ಟಿಗೆಯ ಬೆನ್ನನ್ನು ಬೆರಳಲ್ಲಿ ತಡವಿದರು. ಮೆಲ್ಲಗೆ, ಮಗುವಿನ ಬೆನ್ನು ಸವರುವ ಹಾಗೆ. ತೂತು ಸಿಕ್ಕಿತು. ಕಡ್ಡಿಯ ಬುಡ ಅದರೊಳಗೆ ಒತ್ತಿ ಸಿಗಿಸಿದರು.

ನಾನು ಕೂಗಬಹುದಿತ್ತು. ಹತ್ತು ಸೆಕೆಂಡು ಇತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರು ಮಾತಾಡಿದರು.

“ಎರಡು ಶುಕ್ರವಾರದಿಂದ ತಪ್ಪದೆ ಕಡ್ಡಿ ಹಚ್ತಾ ಇದೀನಿ. ಆದ್ರೂ ಅವತ್ತೇ ಕೈ ಕೊಡ್ತೀಯಲ್ಲ, ನಾಚ್ಕೆ ಆಗಲ್ವಾ ನಿನಗೆ? ಕಾಲಲ್ಲಿ ಕಬ್ಬಿಣ ಇಟ್ಕೊಂಡಿರೋ ಹುಡುಗಿ ಅದು. ಮತ್ತೆ ಆ ಬಸ್ಸು ಹತ್ತಿಸಿದ್ಯೋ, ನೋಡು, ನಿನಗೂ ನನಗೂ ಸರಿ ಇರಲ್ಲ.”

ದೇವರಿಗೆ ಹೇಳಿದರೋ, ಪೆಟ್ಟಿಗೆಗೆ ಹೇಳಿದರೋ ಗೊತ್ತಿಲ್ಲ. ಕೈ ಮುಗಿದರು. ಭೂಮಿಯ ದೀಪ ಅವರ ಮೂಗಿನ ಮುಂದೆಯೇ ಆರಿತು. ಅವರಿಗೆ ಕಾಣಲಿಲ್ಲ. ತುಳಸಿಗೆ ಹಚ್ಚಲು ಹಿತ್ತಿಲಿಗೆ ಹೋದರು.

ಗೋಡೆಗೆ ಒರಗಿ ನಿಂತೆ. ಅಳು ಬಂತು, ನಗುವೂ ಬಂತು, ಯಾವುದು ಮೊದಲು ಅಂತ ಗೊತ್ತಾಗಲಿಲ್ಲ. ಒಂದು ವಾರದಿಂದ ನಾನು ಈ ಹೆಂಗಸಿನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಶುಕ್ರವಾರ ಗೂಡಿಗೆ ಕಡ್ಡಿ ಹಚ್ಚುವುದು ಅವರ ಹಳೇ ಪದ್ಧತಿ. ಸ್ಟ್ಯಾಂಡು ಎತ್ತಿ ಅಟ್ಟಕ್ಕೆ ಹಾಕಿದವಳು ನಾನು. ಇದ್ದ ತೂತನ್ನು ಅವರು ಹುಡುಕಿಕೊಂಡರು. ಎರಡು ಸಲವೂ ದೀಪ ಆರಿದ್ದಷ್ಟೇ ನೋಡಿ ನಾನು ತಾರಸಿಗೆ ಓಡಿದ್ದೆ, ಇಳಿಯುವಷ್ಟರಲ್ಲಿ ಅವರು ಉರಿದ ಕಡ್ಡಿಯ ಬುಡ ಕಿತ್ತು ಗೂಡು ಒರೆಸಿಟ್ಟಿರಬೇಕು.

ಗಡಿಯಾರ ನೋಡಿದೆ, ಒಂಬತ್ತಕ್ಕೆ ಸ್ವಲ್ಪವೇ ಬಾಕಿ. ಓಡಿಹೋಗಿ ಕಡ್ಡಿ ಕಿತ್ತೆ. ಆರಿಸಲು ಮನಸ್ಸು ಬರಲಿಲ್ಲ. ಒಂದು ಬಾಳೆಹಣ್ಣು ತಂದು ಪಕ್ಕದಲ್ಲಿಟ್ಟು ಅದಕ್ಕೆ ಚುಚ್ಚಿದೆ. ಕೂತೆ. ನಂಬರ್ ಹಾಕಿದೆ, ಐಡಿ, ಪಾಸ್‌ವರ್ಡು. ಒಂದು ಸಲ ತಪ್ಪು ಒತ್ತಿದೆ, ಅಯ್ಯೋ ದೇವರೇ ಅಂತ ಮತ್ತೆ ಒತ್ತಿದೆ. ಹೆಸರೇನು ಅಂತ ಪೆಟ್ಟಿಗೆ ಕೇಳಿತು. “ಹಾಲಮ್ಮ” ಅಂತ ಹಾಕಿದೆ. ಅತ್ತೆಯ ಹೆಸರು.

ಭೂಮಿಯ ದೀಪ ಹತ್ತಿತು. ಮೇಡಂನ ಮೊದಲ ಫೈಲು ಬಂದು ಕೂತಿತ್ತು. ತಡವಾಗಲಿಲ್ಲ.

ಸಂಜೆ

ಅತ್ತೆಗೆ ಹೇಳುವುದು ಹೇಗೆ? ಪೆಟ್ಟಿಗೆ ಕೆಡುತ್ತಿದ್ದದ್ದು ನಿಮ್ಮ ಕಡ್ಡಿಯಿಂದಲೇ ಅಂದರೆ ಆ ಜೀವ ಅನ್ನ ಬಿಡುತ್ತದೆ. ಹೇಳುವುದಿಲ್ಲ. ಅಟ್ಟದಿಂದ ಹಿತ್ತಾಳೆ ಸ್ಟ್ಯಾಂಡು ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ರೂಟರಿನ ಪಕ್ಕದಲ್ಲಿಟ್ಟೆ. ಆ ತೂತಿನ ಮೇಲೆ ನನ್ನ ಸ್ಟಿಕ್ಕರ್ ಬೊಟ್ಟು ಒಂದು ಅಂಟಿಸಿದೆ. ಕೆಂಪು, ದೊಡ್ಡದು. ಬೆರಳಿಗೆ ತೂತು ಸಿಗಬಾರದು, ಬೊಟ್ಟು ಸಿಗಬೇಕು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಅತ್ತೆ ಉಪವಾಸ. ಮೊಬೈಲಿನಲ್ಲಿ ಭಜನೆ ಹಾಕಿಕೊಟ್ಟೆ. “ಇದೂ ಆ ಪೆಟ್ಟಿಗೆಯಿಂದಲೇ ಬರತ್ತಾ?” ಹೌದು ಅಂದೆ. ಬಹಳ ಹೊತ್ತು ಗೂಡಿನ ಕಡೆಯೇ ನೋಡುತ್ತಿದ್ದರು.

ಫೆಬ್ರವರಿ 28, ಶುಕ್ರವಾರ, ಮಧ್ಯಾಹ್ನ

ತಲೆಗೆ ಸ್ನಾನ ಮಾಡಿ ಬಂದೆ. ಕಡ್ಡಿ ಸ್ಟ್ಯಾಂಡಿನಲ್ಲಿ ಉರಿಯುತ್ತಿತ್ತು. ದೀಪಗಳೆಲ್ಲ ಹಸಿರು. ಮೇಡಂ ಬೆಳಗ್ಗೆಯೇ ಹೇಳಿಬಿಟ್ಟರು, “ಇನ್ನು ಮನೆಯಿಂದಲೇ ಮಾಡಿ ವೀಣಾ.” ಕುಣಿಯಬೇಕು ಅನ್ನಿಸಿತು, ಕಾಲು ಬೇಡ ಅಂದಿತು.

ಅತ್ತೆಗೆ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಗೂಡಿನ ಹತ್ತಿರ ಹೋಗಿ ಪೆಟ್ಟಿಗೆಯ ಬೆನ್ನು ತಡವಿದರು.

“ಬೊಟ್ಟು ಇಟ್ಟಿದೀಯಾ.”

“ಹ್ಞೂಂ ಅತ್ತೆ. ಲಕ್ಷಣವಾಗಿರ್ಲಿ ಅಂತ.”

“ಈ ತೂತಿಂದ್ಲೇ ತಾನೇ ಕೆಡ್ತಾ ಇದ್ದಿದ್ದು?”

ನಾನು ಸ್ಟ್ಯಾಂಡಿನ ಸುತ್ತ ಬಿದ್ದ ಬೂದಿ ಒರೆಸತೊಡಗಿದೆ.

“ಹೋದ ಶುಕ್ರವಾರ ನಾನು ಇಲ್ಲಿ ಸಿಗಿಸಿದ್ ಕಡ್ಡಿ ಬಾಳೆಹಣ್ಣಿಗೆ ನಡ್ಕೊಂಡು ಹೋಯ್ತಾ? ನಿನ್ ತಲೆಯೂ ಒದ್ದೆ ಇರ್ಲಿಲ್ಲ. ಪೊರೆ ಬಂದಿರೋದು ಒಂದೇ ಕಣ್ಣಿಗೆ ಕಣೇ.” ಧ್ವನಿ ಸಣ್ಣದಾಯಿತು. “ನೋಡ್ತಾ ನಿಂತಿದ್ಯಲ್ಲ ಮಾರಾಯ್ತಿ. ಕೆಲ್ಸ ಹೋಗತ್ತೆ ಅಂತ ಗೊತ್ತಿದ್ದೂ ಯಾಕೆ ಕೂಗ್ಲಿಲ್ಲ?”

ಅಷ್ಟರಲ್ಲಿ ಫೈಲು ಬಂತು, ಬಂದು ಕೂತೆ. ಈಗ ಊಟದ ಹೊತ್ತು. ಅಡುಗೆಮನೆ ಬಾಗಿಲಿಂದ ಎರಡು ಸಲ ಇಣುಕಿದರು. ಉತ್ತರ ಕೇಳದೆ ಬಿಡುವವರಲ್ಲ. ಬಾಯಲ್ಲಿ ಹೇಳಲು ಬರುವುದಿಲ್ಲ, ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ. ಯಾಕೆ ಕೂಗಲಿಲ್ಲ ಅಂದರೆ ಅತ್ತೆ, ನನಗೋಸ್ಕರ ಇನ್ನೊಬ್ಬರು ದೇವರ ಹತ್ತಿರ ಜಗಳಕ್ಕೆ ನಿಂತಿದ್ದನ್ನ ನಾನು ಇವತ್ತಿನವರೆಗೂ —

ಕರೆಯುತ್ತಿದ್ದಾರೆ. ಅನ್ನ ಆರುತ್ತಿದೆಯಂತೆ. ಬಂದೆ ಅತ್ತೆ!