ಅಮ್ಮನಿಗೆ ಸಿಗದ ಲೈನು

ಅಣ್ಣಾ,

ಕ್ಷೇಮ ಕೇಳುವ ಮನಸ್ಸಿಲ್ಲ.

ನಮ್ಮ ಫೋನ್ ಕಂಪನಿಯಿಂದ ನಿಮ್ಮ ಫೋನ್ ಕಂಪನಿಗೆ ಹೋಗುವ ಕರೆಗಳಿಗೆ ನೀವು ಕೊಟ್ಟಿರುವ ಲೈನು ಸಾಲದೆಂದು ನಾನು ಬೇಡಿಕೆ ಕಳಿಸುತ್ತಲೇ ಇದ್ದೇನೆ, ನೀನು ತಳ್ಳಿಹಾಕುತ್ತಲೇ ಇದ್ದೀಯ. "ಲೈನ್ ಸಿಗ್ದಿದ್ರೆ ಜನ ಬೇಸತ್ತು ನಮ್ಮ ಕಡೆಗೇ ಬರ್ತಾರೆ ಬಿಡೇ," ಎಂದು ಊಟಕ್ಕೆ ಕೂತು ನಗುತ್ತೀಯ.

ಮೊನ್ನೆ ಬಚ್ಚಲಲ್ಲಿ ಜಾರಿಬಿದ್ದ ಅಮ್ಮ, ನಮ್ಮ ಕಂಪನಿಯ ಫೋನಿನಿಂದ, ಪಕ್ಕದ ಬೀದಿಯಲ್ಲೇ ಇರುವ ನಿನಗೆ ಕರೆ ಮಾಡಿದಳು. "ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ" ಎಂದ ಹೆಣ್ಣುದನಿಗೆ, "ನನ್ನ ಮಗನ್ನ ಸ್ವಲ್ಪ ಕರಿಯೇ ತಾಯಿ," ಎಂದು ಅಂಗಲಾಚಿದಳಂತೆ.

ವಿಷಯ ತಿಳಿದ ಮೇಲೆ ನೀನು ಅವಳಿಗೆ ಕಳಿಸಿದ್ದು ನಿಮ್ಮ ಕಂಪನಿಯ ಸಿಮ್. ಹೆತ್ತವಳನ್ನೂ ಗಿರಾಕಿ ಮಾಡಿಕೊಳ್ಳಲು ಹೊರಟೆಯಲ್ಲ, ಥೂ! ಸಿಮ್ ಈ ಲಕೋಟೆಯಲ್ಲೇ ಇದೆ. ಲೈನಿನ ಬೇಡಿಕೆಗೆ ಸಹಿ ಹಾಕು. ಅಮ್ಮನಿಗೊಂದು ಊರುಗೋಲು ತಂದುಕೊಡು.

ಅವಳ ಸಿಟ್ಟೆಲ್ಲ ಇನ್ನೂ ಆ ಹೆಣ್ಣಿನ ಮೇಲೇ ಇದೆ. ಯಾರ ಮೇಲಿರಬೇಕೆಂದು ನಾನು ಹೇಳಿಲ್ಲ.

ಸದ್ಯಕ್ಕೆ,
ನಿನ್ನ ತಂಗಿ