ಐದು ಚಮಚ

ಕಂಪ್ಲಿ,
ಶನಿವಾರ, ೧೩ ಜುಲೈ ೨೦೨೪

ಪ್ರೀತಿಯ ಮಗಳು ಗಂಗಾಂಬಿಕಾಳಿಗೆ,

ಹೇಗಿದ್ದೀಯೆ ತಾಯಿ? ಪೊಲೀಸ್ ಟ್ರೇನಿಂಗಿನ ಓಟದಲ್ಲಿ ಉಳುಕಿದ ಕಾಲು ವಾಸಿಯಾಯಿತೇ? ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟುಕೋ, ಉದಾಸೀನ ಮಾಡಬೇಡ. ನಾಳೆ ನಿಮ್ಮ ಭೇಟಿಯ ದಿನ, ನಾನೇ ಬರಬಹುದಿತ್ತು. ನಿನ್ನ ಮುಖ ಕಂಡರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ನಿನ್ನ ತಮ್ಮ ಸಿದ್ದಲಿಂಗೇಶನ ಕೈಯಲ್ಲಿ ಈ ಕಾಗದ.

ನಿನ್ನ ಮಗ ಉಜ್ಜಿನಪ್ಪ ಚೇತರಿಸಿಕೊಳ್ಳುತ್ತಿದ್ದಾನೆ, ಅದನ್ನು ಮೊದಲು ಓದಿಕೋ. ಹೊಸಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ನಿನ್ನೆ ಬಂದೆವು. ಬಾಯಿಂದ ನುಂಗಲಾರದ ಅವನಿಗೆ ಮೂಗಿನ ನಳಿಗೆಯಲ್ಲಿ ಹಾಕುವ ಹಾಲಿಗೆ ಹೊತ್ತಿಗೆ ಐದು ಚಮಚ ಪುಡಿ ಎಂದು ನೀನು ಹೋಗುವಾಗ ನರ್ಸ್ ಲಲಿತಾ ಹೇಳಿಕೊಟ್ಟಿದ್ದಳಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ನಳಿಗೆ ಕಟ್ಟಿತು. ಹೊಸದು ಹಾಕುವಾಗ ಕೂಸು ಉಸಿರು ಸಿಕ್ಕಿಕೊಳ್ಳುವ ಹಾಗೆ ಅತ್ತಿತು. ಆ ಅಳು ಮತ್ತೆ ಕೇಳಲಾರೆನೆಂದು ಮರುದಿನದಿಂದ ಮೂರೇ ಚಮಚ ಹಾಕಿದೆ. ತಿಳಿಯಾಗಿದ್ದರೆ ಸಲೀಸಾಗಿ ಇಳಿಯುತ್ತದಲ್ಲ! ಹೊಟ್ಟೆ ತುಂಬಿ ಮಲಗುತ್ತಿದ್ದ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಲಲಿತಾ ತೂಕದ ಯಂತ್ರ ಹೊತ್ತು ತಿಂಗಳಿಗೆರಡು ಸಲ ಬರುತ್ತಿದ್ದಳು. "ಬೆಳೆಯೋ ಕೂಸನ್ನ ತೂಗಬಾರ್ದವ್ವ, ದೃಷ್ಟಿ ಆಗ್ತದ" ಎಂದು ಚಹಾ ಕೊಟ್ಟು ಸಾಗಹಾಕುತ್ತಿದ್ದೆ. ಒಮ್ಮೆ ಜ್ವರ ಎಂದೆ, ಒಮ್ಮೆ ನಿದ್ದೆ ಎಂದೆ. ಸೋಮವಾರ ಅವಳು ಕೇಳಲೇ ಇಲ್ಲ. ಕೂಸನ್ನು ಎತ್ತಿಕೊಂಡು ತಾನೇ ಯಂತ್ರದ ಮೇಲೆ ನಿಂತಳು, ಆಮೇಲೆ ಅವನನ್ನು ನನ್ನ ಕೈಗೆ ಕೊಟ್ಟು ಒಬ್ಬಳೇ ನಿಂತಳು. "ಹಂಪಮ್ಮರ, ಎರಡು ಕಿಲೋ ಇಳಿದಾನ. ಏನ್ ಹಾಕೀರಿ ಇವಂಗ, ಖರೇ ಹೇಳ್ರಿ." ಹೇಳಿದೆ. ಬೈಯಲಿಲ್ಲ ಕಣವ್ವ, ಬೈದಿದ್ದರೆ ಚೆನ್ನಾಗಿತ್ತು. "ನಳಿಗೆ ಕಟ್ಟಿದ್ದು ಪುಡಿಯಿಂದ ಅಲ್ರಿ, ಹಾಲು ಹಾಕಿದ ಮ್ಯಾಲ ನೀರು ಬಿಟ್ಟು ತೊಳೀದಿದ್ದಕ್ಕ" ಎಂದಳು. ಅಷ್ಟೇ ಇತ್ತು ನೋಡು. ಅವಳೇ ನಮ್ಮನ್ನು ಹೊಸಪೇಟೆಗೆ ಕಳಿಸಿದಳು.

ಈಗ ಐದು ಚಮಚ, ಆಮೇಲೆ ನೀರು. ವಾರಕ್ಕೊಮ್ಮೆ ನಿನ್ನಪ್ಪನೇ ಕೂಸನ್ನೆತ್ತಿಕೊಂಡು ತೂಕ ನೋಡುತ್ತಾರಂತೆ. ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ನೀನು ಮಾತ್ರ ಟ್ರೇನಿಂಗ್ ಬಿಟ್ಟು ಬರಬೇಡ, ಇನ್ನು ಹನ್ನೊಂದೇ ವಾರ.

ಕೊಟ್ಟೂರು ಬಸವೇಶ್ವರ ನಿನ್ನ ಬೆನ್ನಿಗಿರಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅವ್ವ,
ಹಂಪಮ್ಮ

ಮರೆತದ್ದು: ಬಸ್ಸಿಗೆ ಹೊತ್ತಾಯಿತೆಂದು ಸಿದ್ದಲಿಂಗೇಶ್ ಬಾಗಿಲಲ್ಲಿ ಕೂಗುತ್ತಿದ್ದಾನೆ. ಅವ್ವ ತಿಳಿಯದೆ ಮಾಡಿದಳೆಂದು ಅವನು ನಿನಗೆ ಹೇಳುತ್ತಾನೆ, ನಂಬಬೇಡ. ಕೂಸಿನ ಉಡಿದಾರ ಸೊಂಟದಿಂದ ಜಾರುತ್ತಿತ್ತು. ಮೂರು ಸಲ ನಾನೇ ಗಂಟು ಹಾಕಿ ಬಿಗಿ ಮಾಡಿದೆ. ಒಂದೊಂದು ಗಂಟು ಹಾಕುವಾಗಲೂ ನನಗೆ ಗೊತ್ತಿತ್ತು, ಗಂಗೂ.