ಮಡಿಯ ತಪ್ಪಲೆ

ಯಲ್ಲಾಪುರ
ಪ್ಲವ ಸಂವತ್ಸರ, ಮಾಘ ಬಹುಳ
ತಾ. 26-2-1962

ನನ್ನ ಪರಿಮಳಕ್ಕನಿಗೆ ತಂಗಿ ರಾಜೀವಿ ಬಗ್ಗಿ ನಮಸ್ಕರಿಸಿ ಬರೆಯುವುದು.

ನಾವೆಲ್ಲ ಕ್ಷೇಮ ಎಂಬ ಸಾಲನ್ನು ಮೊದಲಿಗೇ ಬರೆಯಲು ಕೈ ಬರಲಿಲ್ಲ. ಕೊನೆಯಲ್ಲಿ ಬರೆಯುತ್ತೇನೆ, ಅಲ್ಲಿವರೆಗೆ ಓದು. ಮನೆಯವರ ಮುಂದೆ ಗಟ್ಟಿಯಾಗಿ ಓದಬೇಡ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ತಿರುಗಿದವಳು ನಾನು. ಒತ್ತು ದೀರ್ಘ ತಪ್ಪಿದಲ್ಲಿ ನೀನೇ ಸರಿ ಮಾಡಿಕೊ.

ಹೋದ ವಾರ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಸುಬ್ಬಲಕ್ಷ್ಮಿ ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಬಾಯಿ ತೆರೆದರೆ ಹಲ್ಲೆಲ್ಲ ಪಾಚಿ ಹಸಿರು. ಒರೆಸಲು ಹೋದರೆ ಹಸಿರು ನನ್ನ ಸೆರಗಿಗೇ ಹತ್ತಿತು. ಎದ್ದು ಪಕ್ಕದಲ್ಲಿ ಮಲಗಿದ್ದ ಮಗಳ ಬಾಯಿ ತೆರೆಸಿ ನೋಡಿದೆ. ಹಲ್ಲು ಬೆಳ್ಳಗೇ ಇತ್ತು. ಆದರೂ ಆ ರಾತ್ರಿ ಮತ್ತೆ ಮಲಗಲಿಲ್ಲ. ನಿನಗೆ ನನ್ನ ಸ್ವಭಾವ ಗೊತ್ತಲ್ಲ, ಬೆಕ್ಕು ಸೀನಿದರೂ ಹೆದರುವವಳು.

ಮಳೆಗಾಲದಿಂದ ಅವಳಿಗೆ ಹೊಟ್ಟೆ ನಿಲ್ಲದ್ದು, ತಿಂದದ್ದೆಲ್ಲ ನೀರಾಗಿ ಹೋಗುತ್ತಿದ್ದದ್ದು ನಿನಗೆ ತಿಳಿದದ್ದೇ. ನೀನು ಹೇಳಿದ ಹಾಗೆ ನಿಮ್ಮ ಸಿದ್ದಾಪುರದ ವೈದ್ಯರ ಮಜ್ಜಿಗೆ ಪಥ್ಯ ಸುರುಮಾಡಿದೆವು. ಅನ್ನವಿಲ್ಲ, ಬೆಲ್ಲವಿಲ್ಲ, ಮೂರು ಹೊತ್ತೂ ಶುಂಠಿಪುಡಿ ಹಾಕಿದ ಮಜ್ಜಿಗೆ. ಮೊದಮೊದಲು ಹೊಟ್ಟೆ ಕಟ್ಟಿತು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆಮೇಲೆ ವಾಂತಿ ಹಿಡಿಯಿತು. ಬೆಳಗಿನ ಮಜ್ಜಿಗೆ ದಕ್ಕುತ್ತಿತ್ತು. ಮಧ್ಯಾಹ್ನದ್ದು ಕುಡಿದರೆ ಹೊಟ್ಟೆ ತಿರುಚಿ ಅಳುತ್ತಿದ್ದಳು, ಸಂಜೆಯದನ್ನು ಪೂರಾ ಕಕ್ಕುತ್ತಿದ್ದಳು. ಕೈಕಾಲು ತಣ್ಣಗಾಗಿ ನನ್ನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬೀಳುತ್ತಿದ್ದಳು.

ನಿನಗೆ ಬರೆದೆ. ವೈದ್ಯರನ್ನು ಕೇಳಿ ನೀನು ಉತ್ತರ ಹಾಕಿದೆ, ರೋಗ ಹೊರಗೆ ಬೀಳುವಾಗ ವಾಂತಿ ಆಗುವುದೇ ಒಳ್ಳೆಯದು, ಪಥ್ಯ ಬಿಡಬೇಡಿ, ಸೀತಾರಾಮ ಭಾವನಿಗೂ ಹೊಟ್ಟೆಯುರಿಗೆ ಅದೇ ಸುರುಮಾಡಿದ್ದೇವೆ ಅಂತ. ಪಕ್ಕದ ಮನೆಯವರು ಎಂಟು ಗ್ರಹ ಒಂದೇ ರಾಶಿಗೆ ಬರುವ ಅಷ್ಟಗ್ರಹದ ಕಾಟ, ಆ ದಿನ ದಾಟಿದರೆ ಸರಿಯಾಗುತ್ತದೆ ಅಂದರು. ಎಂಟೂ ಗ್ರಹ ತಮ್ಮ ಪಾಡಿಗೆ ಹೋದವು. ಮಗುವಿನ ವಾಂತಿ ಹೋಗಲಿಲ್ಲ.

ಒಂದು ಸಂಜೆ ಲೋಟ ದೂಡಿ, "ಆಯಿ, ಮಜ್ಜಿಗೆ ದೇವರ ಗಂಟೆ ನೆಕ್ಕಿದ ಹಾಂಗೆ ಇದ್ದು" ಅಂದಳು. ಅತ್ತೆ ನಕ್ಕು, "ನೀ ಯಾವಾಗ ಗಂಟೆ ನೆಕ್ಕಿದ್ಯೇ, ಮಂಗಾ?" ಎಂದು ಕೆನ್ನೆ ಹಿಂಡಿದರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ಪಥ್ಯದ ಮಜ್ಜಿಗೆ ಮಡಿಯಲ್ಲೇ ಆಗಬೇಕು. ನಾನು ಮಗುವಿನ ಹೇಲುಬಟ್ಟೆ ತೊಳೆಯುವವಳು, ಆ ಪಾತ್ರೆಯ ಹತ್ತಿರ ನನಗೆ ಹೋಗಲಿಕ್ಕಿಲ್ಲ. ಬೆಳಿಗ್ಗೆ ಮಿಂದು, ಮಡಿಯುಟ್ಟು, ಕಡೆದು, ಹಿತ್ತಾಳೆಯ ತಪ್ಪಲೆಗೆ ಹೊಯ್ದು ನೆಲುವಿಗೆ ಇಡುವವರು ಅತ್ತೆ. ಬಗ್ಗಿಸಿ ಕೊಡುವವರೂ ಅವರೇ, ಅದನ್ನು ತೊಳೆಯುವವರೂ ಅವರೇ. ತಪ್ಪಲೆಯ ಒಳಗನ್ನು ನೋಡುವ ಕಣ್ಣು ಮನೆಯಲ್ಲಿ ಅವರದೊಂದೇ. ಆ ಕಣ್ಣಿಗೆ ಪೊರೆ ಬಂದಿದೆ ಅಕ್ಕಾ. ಅಕ್ಕಿಯಲ್ಲಿ ಕಲ್ಲು ಕಾಣದೆ ಬೆರಳಲ್ಲಿ ತಡವುತ್ತಾರೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ಮಡಿಯ ಒಲೆ ಕೈಬಿಡುತ್ತದಲ್ಲ.

ಮರುದಿನ ನಾನು ಬಾವಿಯ ಹತ್ತಿರ ಬಟ್ಟೆ ಹರವುತ್ತಿದ್ದೆ. ಅತ್ತೆ ತಪ್ಪಲೆ ತೊಳೆದು ನೀರು ಚೆಲ್ಲಲು ಓರೆ ಮಾಡಿದರು. ಬಿಸಿಲು ನೇರ ಒಳಗೆ ಬಿತ್ತು. ತಳದಲ್ಲಿ ತವರದ ಕಲಾಯಿ ಎಂಬುದೇ ಇಲ್ಲ, ಹಿತ್ತಾಳೆ ಹಳದಿಯಾಗಿ ಹೊಳೆಯಿತು. ಸುತ್ತ ಅಂಚಿನ ಕೆಳಗೆ ಹಸಿರು ಕಿಲುಬಿನ ಬಳೆ. ಕನಸಿನಲ್ಲಿ ಕಂಡದ್ದೇ ಆ ಬಣ್ಣ. ಹುಳಿ ಮಜ್ಜಿಗೆ ದಿನವಿಡೀ ಅದರಲ್ಲಿ ನಿಂತು ನನ್ನ ಮಗಳ ಹೊಟ್ಟೆಗೆ ಹೋಗುತ್ತಿತ್ತು. ಹಿತ್ತಾಳೆಯಲ್ಲಿ ಮಜ್ಜಿಗೆ ಕಿಲುಬುತ್ತದೆಂದು ತಿಳಿಯದವರು ನಮ್ಮಲ್ಲಿ ಯಾರು? ಅತ್ತೆಗೂ ತಿಳಿದದ್ದೇ. ಕಾಣಬೇಕಲ್ಲ.

ದೂರದಲ್ಲೇ ನಿಂತು ಹೇಳಿದೆ, "ಅತ್ತೆ, ಕಲಾಯಿ ಹೋದ ಹಾಂಗೆ ಕಾಣ್ತು." ಅವರ ಮುಖ ಕೆಂಪಾಯಿತು. "ಮೊನ್ನೆ ಮೊನ್ನೆ ಹಾಕ್ಸಿದ್ದು! ಯನ್ನ ಕಣ್ಣು ಹೋಜು ಹೇಳಿ ಊರಿಗೆಲ್ಲಾ ಸಾರ್ತ್ಯಾ? ಇದ್ರಲ್ಲಿ ಮಜ್ಜಿಗೆ ಕುಡ್ದೇ ನಿನ್ನ ಗಂಡ ಬೆಳದ್ದು. ಯನ್ನ ಕೈಯಿಂದ ಮೊಮ್ಮಗಳಿಗೆ ವಿಷ ಬತ್ತಾ, ರಾಜೀವಿ?" ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಮಗುವಿಗಾಗಿ ಬೆಳಗಿನ ಚಳಿಯಲ್ಲಿ ತಣ್ಣೀರು ಮೀಯುವ ಮುದುಕಿಗೆ ಹೌದು ಬತ್ತು ಎಂದು ಹೇಗೆ ಹೇಳಲಿ? ಇವರಿಗಾದರೂ ಹೇಳೋಣವೆಂದರೆ ಮಾಸ್ತರರನ್ನೆಲ್ಲ ಎಲೆಕ್ಷನ್ ಕೆಲಸಕ್ಕೆ ಕರೆದಿದ್ದರು, ಇವರು ಮುಂಡಗೋಡದ ಕಡೆ ಹೋಗಿದ್ದರು. ಮಧ್ಯಾಹ್ನ ಅದೇ ತಪ್ಪಲೆಯಿಂದ ಮಜ್ಜಿಗೆ ಲೋಟಕ್ಕೆ ಬಂತು. ಹಾಳಾಗಿ ಹೋಗಲಿ ಎಂದು ನಾನೇ ಅದನ್ನು ಹಿತ್ತಲ ಬಾಳೆಬುಡಕ್ಕೆ ಚೆಲ್ಲಿದೆ. ಮಗು ಹಸಿವಿಗೆ ಅತ್ತಳು. ಎಷ್ಟು ಹೊತ್ತು ಹೀಗೆ ಚೆಲ್ಲಲಿ?

ಮಾರನೇ ಬೆಳಿಗ್ಗೆ ನಾನು ಹೊರಗಾದೆ. ಹೊರಗೆ ಕೂತವಳು ದೂರವಿರಬೇಕು, ಆದರೆ ಬಾವಿಕಟ್ಟೆಯ ಮೇಲೆ ಒಣಗಲು ಇಟ್ಟಿದ್ದ ತಪ್ಪಲೆಯನ್ನು ಮರೆತು ಮುಟ್ಟಿಬಿಟ್ಟೆ. ದೇವರೇ ಮರೆಸಿದನೋ ಏನೋ. ಅತ್ತೆಯ ಬೈಗುಳ ಬೀದಿಗೆ ಕೇಳಿತು. "ಇಷ್ಟು ದೊಡ್ಡ ಹೆಂಗಸಾಗಿ ಮುಟ್ಟು ಮೈಲಿಗೆ ತೆಳಿತಿಲ್ಯನೇ ನಿಂಗೆ!" ನಾನು ತಲೆ ತಗ್ಗಿಸಿ ಕೂತೆ. ಅಂಥ ಮೈಲಿಗೆಯಾದ ಪಾತ್ರೆ ಬೆಂಕಿ ಕಾಣದೆ ಒಳಗೆ ಹೋಗುವ ಹಾಗಿಲ್ಲ. ಬೆಂಕಿಗಿಟ್ಟರೆ ಕಲಾಯಿ ಕರಗುತ್ತದೆ, ಹೊಸದಾಗಿ ಹಾಕಲು ಕಲಾಯಿಯವನನ್ನು ಕರೆಸಿದರು. "ಚೊಲೋ ಇದ್ದ ಪಾತ್ರೆ, ಮೈಲಿಗೆ ಆತು ಹೇಳಿ ಅಷ್ಟೇ" ಎಂದರು ಅತ್ತೆ. ಅವನು ಒಳಗೆ ನೋಡಿದ, ದೂರ ಕೂತ ನನ್ನನ್ನು ನೋಡಿದ, ತಿದಿ ಒತ್ತಿದ. ಅಷ್ಟರವರೆಗೆ ಮಜ್ಜಿಗೆ ಅಟ್ಟದ ಮೇಲಿನ ಕಲ್ಲಿನ ಮರಿಗೆಗೆ ಹೋಯಿತು.

ಆ ಸಂಜೆ ಮಗು ಕಕ್ಕಲಿಲ್ಲ. ಮರುದಿನವೂ ಇಲ್ಲ. ಕೆಲಸದ ಮಂಜಿ ಅವಳನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಮಗು ನನ್ನ ಕಡೆ ಕೈ ಚಾಚಿ ಅಳುತ್ತಿತ್ತು, ನಾನು ಕೊಟ್ಟಿಗೆಯ ಪಕ್ಕ ಕೂತು ನೋಡುತ್ತಿದ್ದೆ. ಈಗ ಮಿಂದು ಒಳಗೆ ಬಂದಿದ್ದೇನೆ. ಇಂದು ಗಂಜಿತಿಳಿ ಕೊಟ್ಟೆವು, ದಕ್ಕಿತು.

ಅಕ್ಕಾ, ಪಥ್ಯ ಬಿಡಿಸುವುದಿಲ್ಲ. ಆದರೆ ಮಗು ನರಳುವುದನ್ನು ಒಳ್ಳೆಯದೆಂದು ಇನ್ನು ಯಾರು ಹೇಳಿದರೂ ಒಪ್ಪುವುದಿಲ್ಲ, ನಿಮ್ಮ ವೈದ್ಯರು ಹೇಳಿದರೂ. ಇವರು ಬಂದ ಮೇಲೆ ಕಣ್ಣು ತೋರಿಸಲು ಅತ್ತೆಯನ್ನು ಹುಬ್ಬಳ್ಳಿಗೆ ಕರೆದೊಯ್ಯಲೇಬೇಕೆಂದು ಹಟ ಹಿಡಿಯುತ್ತೇನೆ. ತಪ್ಪಲೆಯ ಮಾತು ಮಾತ್ರ ಅತ್ತೆಯ ಕಿವಿಗೆ ಎಂದೂ ಬೀಳಬಾರದು.

ಈಗ ಬರೆಯುತ್ತೇನೆ. ನಾವೆಲ್ಲ ಕ್ಷೇಮ.

ನಿನ್ನ ತಂಗಿ
ರಾಜೀವಿ

ತಾ.ಕ.: ಹೆಸರು ಬರೆದ ಮೇಲೂ ಮನಸ್ಸು ಕೇಳಲಿಲ್ಲ. ನಾನು ಮರೆತು ಮುಟ್ಟಿದ್ದಲ್ಲ. ಎರಡೂ ಕೈಯಲ್ಲಿ ಹಿಡಿದು ಎತ್ತಿ, ಅತ್ತೆ ನೋಡುವವರೆಗೆ ನಿಂತಿದ್ದೆ. ಮತ್ತೆ, ಆ ದಿನ ನಾನು ಹೊರಗಾಗಿರಲೇ ಇಲ್ಲ. ಸುಳ್ಳು ಹೇಳಿ ಮೂರು ದಿನ ಕೂತೆ. ಹಾಗಾಗಿ ಪಾತ್ರೆಗೆ ಮೈಲಿಗೆಯೂ ಆಗಲಿಲ್ಲ, ಅದು ದೇವರಿಗೆ ಗೊತ್ತು, ಈಗ ನಿನಗೆ. ಬರುವ ವಾರ ನಿಜವಾಗಿ ಹೊರಗಾದರೆ ಅತ್ತೆಗೆ ಏನು ಹೇಳುವುದೆಂದು ಇನ್ನೂ ಹೊಳೆದಿಲ್ಲ.

ಭಾವನ ಮಜ್ಜಿಗೆಯ ಪಾತ್ರೆಗೆ ಕಲಾಯಿ ಇದೆ ಎಂದು ನೀನು ಹೇಳುತ್ತೀ, ಗೊತ್ತು. ಆದರೂ ಈ ಕಾಗದ ಮಡಚಿಟ್ಟು ಅದನ್ನು ಅಂಗಳಕ್ಕೆ ಒಯ್ದು, ಬಿಸಿಲಿಗೆ ಓರೆ ಮಾಡಿ, ತಳವನ್ನು ಇನ್ನೊಮ್ಮೆ ನೋಡು.